ಸಭೆ ಏನನ್ನುತ್ತದೆ?

ಜೊನಾಥನ್ ಮ್ವಾಲೆಯವರ ಕೋಟಿನ ಒಳಜೇಬಿನಲ್ಲಿ ಸದಾ ಒಂದು ಹಲ್ಲುಜ್ಜುವ ಬ್ರಷ್ ಇರುತ್ತಿತ್ತು. ಬೆಳಗಾಗುವುದರೊಳಗೆ ಬನಿಯನ್ ಬೆನ್ನಿಗಂಟುವ ಸಿಂಗಪುರದ ಸೆಖೆಯಲ್ಲಿ, ನೋಡಿದವರಿಗೇ ಬೆವರಿಳಿಸುವ ಆ ಕಂದು ಉಣ್ಣೆಯ ಕೋಟು ತೊಟ್ಟು, ಪಕ್ಕದಲ್ಲಿ ಯಾರೋ ಜೊತೆಗೆ ಬರುತ್ತಿದ್ದಾರೇನೋ ಎಂಬಂತೆ ಬಲಕ್ಕೆ ಒಂದಿಷ್ಟು ಜಾಗ ಬಿಟ್ಟು, ಅವರು ಬುಕಿತ್ ಬಾಟೋಕ್‌ನ ವಸತಿ ಬ್ಲಾಕುಗಳ ನಡುವೆ ಗಂಭೀರವಾಗಿ ನಡೆದು ಹೋಗುತ್ತಿದ್ದರು. ಮೊದಲ ಸಲ ಪೊಲೀಸರು ಎಳೆದೊಯ್ದಾಗ ಮೈಮೇಲೆ ಮಲಗುವ ಬಟ್ಟೆಯಷ್ಟೇ ಇತ್ತಂತೆ. ಆ ಅವಮಾನಕ್ಕೆ ವಾರಗಟ್ಟಲೆ ಉಜ್ಜದ ಬಾಯಿಯ ಅಸಹ್ಯವೂ ಸೇರಿ, ಅಂದಿನಿಂದ ಈ ಕೋಟು, ಈ ಬ್ರಷ್ಷು. “ಇಲ್ಲಿ ನಿಮ್ಮನ್ನ ಯಾರು ಸರ್ ಅರೆಸ್ಟ್ ಮಾಡ್ತಾರೆ?” ಎಂದು ಅಚ್ಯುತ ರೇಗಿಸಿದರೆ, “ಯಾರೂ ಮಾಡುವುದಿಲ್ಲ. ಆದರೆ ಅಭ್ಯಾಸ ತಪ್ಪಿದರೆ ಮತ್ತೆ ಕಲಿಯುವ ವಯಸ್ಸಲ್ಲ ನನ್ನದು” ಎನ್ನುತ್ತಿದ್ದರು.

ಅಚ್ಯುತ ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ಪಾಠ ಹೇಳುವ ಮೈಸೂರಿನವನು. ಮ್ವಾಲೆ ಅಲ್ಲಿಗೇ ಅತಿಥಿಯಾಗಿ ಬಂದು, ಅವನ ಬ್ಲಾಕಿನಲ್ಲೇ ಮೇಲಿನ ಮಹಡಿಯಲ್ಲಿ ಮನೆ ಹಿಡಿದಿದ್ದರು. ಆಫ್ರಿಕಾದ ಒಂದು ಪುಟ್ಟ ದೇಶದ ವಿರೋಧ ಪಕ್ಷದ ನಾಯಕ. ಪ್ರಜಾಪ್ರಭುತ್ವ ಬೇಕೆಂದು ಅರ್ಧ ಆಯುಷ್ಯವನ್ನು ಬೀದಿಯಲ್ಲಿ, ಉಳಿದದ್ದರಲ್ಲಿ ಒಂದಷ್ಟನ್ನು ಜೈಲಿನಲ್ಲಿ ಕಳೆದವರು. ಪ್ರತಿ ಚುನಾವಣೆಯಲ್ಲೂ ಗೆದ್ದು, ಪ್ರತಿ ಎಣಿಕೆಯಲ್ಲೂ ಸೋತವರು. ಇಷ್ಟು ಕೇಳಿ ಗುಡುಗುವ ಭಾಷಣಕಾರನನ್ನು ನಿರೀಕ್ಷಿಸಿದವರಿಗೆ ನಿರಾಸೆಯೇ ಗತಿ. ಅವರ ದನಿ ಎಷ್ಟು ತಗ್ಗೆಂದರೆ, ವಾಕ್ಯ ಮುಗಿಯುವ ಹೊತ್ತಿಗೆ ಕೇಳುವವರು ಮುಂದಕ್ಕೆ ಬಾಗಿರುತ್ತಿದ್ದರು.

ಅವರ ಬಾಯಲ್ಲಿ ಸದಾ ಒಂದು ಮಾತು: “ಸಭೆ ಏನನ್ನುತ್ತದೆ?” ಊಟ-ತಿಂಡಿ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಕಾಫಿಯೋ ಟೀಯೋ ಎಂಬುದಕ್ಕೂ ಸಭೆ, ಬಸ್ಸೋ ಎಂಆರ್‌ಟಿ ರೈಲೋ ಎಂಬುದಕ್ಕೂ ಸಭೆ. ಒಂದು ಭಾನುವಾರ ಅಚ್ಯುತನ ತಾಯಿ ಶಕುಂತಲಮ್ಮನವರೂ ಮಗಳು ಶ್ರೀಯಾಳೂ ಒಂದಾಗಿ ಹಾಗಲಕಾಯಿ ಗೊಜ್ಜಿನ ಪರ ನಿಂತುಬಿಟ್ಟರು. ಕಹಿ ಎಂದರೆ ಮಾರು ದೂರ ಓಡುವ ಮನುಷ್ಯ, ತಟ್ಟೆಯಲ್ಲಿ ಒಂದು ಹೋಳೂ ಉಳಿಸದೆ ತಿಂದರು. “ಸೋತವನು ಮುಖ ಹಿಂಡಬಾರದು, ನಮ್ಮ ದೇಶದ ಅಧ್ಯಕ್ಷರಿಗೆ ಇದನ್ನೇ ಅಲ್ಲವೇ ನಾನು ಹೇಳುತ್ತ ಬಂದದ್ದು” ಎಂದರು, ಕಣ್ಣಲ್ಲಿ ನೀರು ತುಂಬಿಕೊಂಡು.

ಹೀಗಿರುವಾಗ ಅವರ ದೇಶದಲ್ಲಿ ಚುನಾವಣೆ ಘೋಷಣೆಯಾಯಿತು. ಖುದ್ದಾಗಿ ಹೋಗಿ ನಾಮಪತ್ರ ಸಲ್ಲಿಸದಿದ್ದರೆ ಪಕ್ಷಕ್ಕೆ ಅಭ್ಯರ್ಥಿಯೇ ಇಲ್ಲ. ಹೋದರೆ ವಿಮಾನ ನಿಲ್ದಾಣದಲ್ಲೇ ಬಂಧನ ಖಚಿತ, ರಾಜದ್ರೋಹದ ಮೊಕದ್ದಮೆ ಆಗಲೇ ಕಾದು ಕೂತಿತ್ತು. ಪಕ್ಷದವರು ಬನ್ನಿ ಎಂದರು. ಬೇರೊಂದು ದೇಶದಲ್ಲಿ ತಲೆಮರೆಸಿಕೊಂಡಿದ್ದ ಹೆಂಡತಿ ಫೋನಿನಲ್ಲಿ ಅತ್ತು ಬೇಡವೆಂದಳು. ಅಧ್ಯಕ್ಷನ ಎದುರು ನಿಂತು ಕಣ್ಣು ಮಿಟುಕಿಸದ ಈ ಮನುಷ್ಯ, ಅಚ್ಯುತನ ಸೋಫಾದ ತುದಿಯಲ್ಲಿ ಕೂತು, ತಣ್ಣಗಾದ ಕಾಫಿಯನ್ನು ಕುಡಿಯದೆ ಲೋಟ ತಿರುಗಿಸುತ್ತಿದ್ದರು.

ಕೊನೆಗೆ, “ನಾನು ಹೋದರೆ ಲಾಭ ಇರುವವರೂ ನಷ್ಟ ಇರುವವರೂ ಮತ ಹಾಕುವ ಹಾಗಿಲ್ಲ. ನೀವು ಎರಡೂ ಅಲ್ಲ. ಸಭೆ ಏನನ್ನುತ್ತದೆ?” ಎಂದರು.

ಮನೆಯವರು ಮುಖ ಮುಖ ನೋಡಿಕೊಂಡರು. ಮತಪತ್ರಗಳನ್ನು ಪೊಲೀಸರು ಹೊತ್ತೊಯ್ದಾಗ ಅವರ ಹಳ್ಳಿಗಳಲ್ಲಿ ಜನ ಜೋಳದ ಕಾಳಿನಲ್ಲಿ ಮತ ಹಾಕಿದ್ದರಂತೆ. ಇಲ್ಲೂ ಹಾಗೇ ಆಯಿತು: ಹೋಗಲಿ ಎಂಬುದಕ್ಕೆ ಕಡಲೆಕಾಳು, ಬೇಡ ಎಂಬುದಕ್ಕೆ ಹೆಸರುಕಾಳು; ಮೇಲೆ ಟವೆಲ್ ಮುಚ್ಚಿದ ಶಕುಂತಲಮ್ಮನವರ ಸ್ಟೀಲ್ ತಂಬಿಗೆಯೇ ಮತಪೆಟ್ಟಿಗೆ. ಟವೆಲಿನೊಳಗೆ ಕೈಯಿಟ್ಟ ಅಚ್ಯುತನ ತಲೆಯಲ್ಲಿ ಎಲ್ಲವೂ ಗೋಜಲು. ಇವರು ಹೋಗಬಾರದು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಹೋಗುವ ಮನಸ್ಸು ಮುಖದ ಮೇಲೇ ಇದೆಯಲ್ಲ! ಅಮ್ಮ, ಹೆಂಡತಿ ಪ್ರಭಾ, ಮಗಳು ಶ್ರೀಯಾ ಹೇಗೂ ಬೇಡವೆನ್ನುತ್ತಾರೆ. ಒಬ್ಬರೂ ಜೊತೆಗಿಲ್ಲ ಎನ್ನಿಸಿದರೆ ಈ ಹಿರಿಯರ ಎದೆ ಒಡೆಯುವುದಿಲ್ಲವೇ, ಮರ್ಯಾದೆಗೆ ಒಂದಾದರೂ ಕಡಲೆ ಇರಲಿ ಎಂದುಕೊಂಡು ಹಾಕಿದ.

ತಂಬಿಗೆ ಬೋರಲಾದಾಗ ಮೇಜಿನ ಮೇಲೆ ಉರುಳಿದ್ದು ಬರೀ ಕಡಲೆ. ಹೆಸರುಕಾಳು ಹೆಸರಿಗೂ ಇರಲಿಲ್ಲ.

ಮ್ವಾಲೆಯವರ ಮುಖ ಒಂದು ಕ್ಷಣ ಇಳಿದುಹೋದದ್ದನ್ನು ಅಚ್ಯುತ ಕಂಡ. ಆಮೇಲೆ ಅವರು ಎದ್ದು, ಎಲ್ಲರ ಕೈಯನ್ನೂ ತಮ್ಮ ಎರಡು ಕೈಗಳಲ್ಲಿ ಹಿಡಿದು ಕುಲುಕಿ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು.

“ಏನ್ರೇ ಇದು? ನೀವೆಲ್ಲ ಬೇಡ ಅಂತ ಹಾಕ್ತೀರ ಅನ್ಕೊಂಡೆ. ಮನೆಗೆ ಬಂದೋರ ಮನಸ್ಸು ನೋಯ್ಬಾರ್ದು ಅಂತ ನಾನೊಬ್ಬಳು ಕಡಲೆ ಹಾಕ್ದೆ” ಎಂದು ಶಕುಂತಲಮ್ಮ ಕುರ್ಚಿಯಲ್ಲಿ ಕುಸಿದರು.

“ನಾನೂ ಅದಕ್ಕೇ ಅಮ್ಮಾ...” ಎಂದಳು ಪ್ರಭಾ.

“ಮೀ ಟೂ ಲಾ,” ಶ್ರೀಯಾ ಅಳತೊಡಗಿದಳು. “ಪಪ್ಪಾ, ಕಾಲ್ ಮಾಡು, ರೀವೋಟ್ ಮಾಡೋಣ!”

ಬೇಡವೆಂದ ಅತಿಥಿಗೂ ಇನ್ನೊಂದು ಸೌಟು ಬಡಿಸಿ ಅಭ್ಯಾಸವಾದ ಮನೆ ಅದು; ಎದುರಿಗಿರುವವರ ಮನಸ್ಸು ಹಿಡಿಯುವುದರಲ್ಲಿ ತಮ್ಮ ಮನಸ್ಸನ್ನು ಹೇಳುವುದೇ ಮರೆತುಹೋಗಿತ್ತು.

ಮರುದಿನ ಬ್ಲಾಕಿನ ತಳದ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಅಚ್ಯುತ ತಡವರಿಸುತ್ತ ಎಲ್ಲವನ್ನೂ ಹೇಳಿದ. “ಸರ್, ಅದು ನಮ್ಮ ಒಪಿನಿಯನ್ನೇ ಅಲ್ಲ. ಪ್ಲೀಸ್, ಹೋಗ್ಬೇಡಿ.”

ಮ್ವಾಲೆ ಅವನ ಮಾತು ಪೂರ್ತಿ ಕೇಳಿದರು. ಆಮೇಲೆ, ಅವನು ಬಾಗಿಯೇ ಕೇಳಬೇಕಾದ ದನಿಯಲ್ಲಿ, “ಪ್ರತಿ ಸಲ ಸೋತಾಗಲೂ ನಮ್ಮ ಅಧ್ಯಕ್ಷರು ಹೀಗೇ ಹೇಳುತ್ತಾರೆ, ಅಚ್ಯುತ. ಪೆಟ್ಟಿಗೆಯಲ್ಲಿ ಬಿದ್ದದ್ದು ಬೇರೆ, ಜನರ ಮನಸ್ಸಿನಲ್ಲಿ ಇದ್ದದ್ದು ಬೇರೆ, ಅಂತ” ಎಂದರು.

 ವಾರ ಕಳೆಯುವುದರೊಳಗೆ ಮ್ವಾಲೆ ಹೊರಟರು. ವಿಮಾನದ ಮೆಟ್ಟಿಲ ಬಳಿಯೇ ಅವರನ್ನು ಬಂಧಿಸಿದ ಸುದ್ದಿ ಫೋನಿನಲ್ಲಿ ಬಂದಾಗ ಅಚ್ಯುತ ಉಬಿ ಬಡಾವಣೆಯ ವರ್ಕ್‌ಶಾಪಿನಲ್ಲಿ ಕಾರು ರಿಪೇರಿಗೆ ಬಿಟ್ಟು ನಿಂತಿದ್ದ. ಮೆಕ್ಯಾನಿಕ್ ಎರಡು ಸಲ ಏನೋ ಕೇಳಿದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಇವತ್ತಿಗೂ ಅವನಿಗೆ ಬಗೆಹರಿದಿಲ್ಲ. ಅವರು ಮೊದಲೇ ನಿರ್ಧರಿಸಿ, ನೆಪಕ್ಕೆ ಕೇಳಿದರೇ? ಅಥವಾ ಯಾರಾದರೂ ಬೇಡ ಎನ್ನಲಿ ಎಂದು ಆಸೆಪಟ್ಟು ಬಂದು ಕೂತಿದ್ದರೇ? ಇಳಿದುಹೋದ ಆ ಮುಖ ನೆನಪಾದಾಗ ಎರಡನೆಯದೇ ನಿಜವೆನಿಸುತ್ತದೆ. ಇಂಥವರು ಎಲ್ಲ ಕಾಲದಲ್ಲೂ ನಾಲ್ಕಾರು ಮಂದಿ ಇರುತ್ತಾರೆ: ನಾವು ಆಡಿದ್ದನ್ನು ನಮಗಿಂತ ಹೆಚ್ಚಾಗಿ ನಂಬುವವರು, ನಾವು ಸುಮ್ಮನೆ ಎತ್ತಿದ ಕೈಯನ್ನೂ ಲೆಕ್ಕಕ್ಕೆ ಹಿಡಿದು ಅದಕ್ಕೆ ತಕ್ಕಂತೆ ಬಾಳುವವರು. ಅವರನ್ನು ಕೊಂಡಾಡುವುದು ಸುಲಭ. ಕಷ್ಟವೆಂದರೆ, ಅವರು ಎದುರಿಗೆ ಕೂತು ಕೇಳಿದಾಗ, ನಮ್ಮ ಮನಸ್ಸಿನಲ್ಲಿದ್ದದ್ದನ್ನೇ ಹೇಳುವುದು.