ಲ್ಯಾಬಿನ ಮೆಷಿನ್ ವಠಾರಕ್ಕೆ ಬಂದ ದಿನ

ಒಗ್ಗರಣೆ ಸಿಡಿದ ವಾಸನೆ, ಯಾರ ಮನೆಯದೋ, ಕುವೆಂಪುನಗರದ ಈ ತಿರುವಿನಲ್ಲಿ ಸಂಜೆ ಇಷ್ಟು ಬೇಗ ಯಾರು ಒಲೆ ಹಚ್ಚಿದರು, ಬೆಳಗಿನಿಂದ ತಾನು ಏನೂ ತಿಂದಿಲ್ಲವೆಂಬುದು ಅನುಪಮಾಳಿಗೆ ಈಗ ನೆನಪಾಗುತ್ತಿದೆ, ಆದರೂ ಸ್ಕೂಟಿ ನಿಲ್ಲಿಸಲು ಮನಸ್ಸಿಲ್ಲ, ಏಕಾಂತಯ್ಯ ಸರ್ ತಮ್ಮ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನ ಬಾಗಿಲು ಹಾಕುವುದರೊಳಗೆ ಹೋಗಿ ಹೇಳಬೇಕು — ಬಿಸಿಎ ಮುಗಿದ ವಾರವೇ ಅವರ ಮುಂದೆ ನಿಂತು, ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್ ಓಡಿಸುವ ಆ ವರ್ಚುವಲೈಸೇಷನ್ ಕೋರ್ಸಿಗೆ ಸೇರಿಸಿಕೊಳ್ಳಿ ಸರ್ ಎಂದಿದ್ದಳಲ್ಲ, ಆಗ ಅವರು ಕನ್ನಡಕ ಒರೆಸಿಕೊಳ್ಳುತ್ತಾ, ಸೇರಿಸ್ಕೊಳ್ಳೋಕೆ ನಂಗೇನಮ್ಮ, ಓದಿ ಪಾಸೂ ಆಗ್ಬುಡ್ತೀಯ, ಆದ್ರೆ ಒಂದು ಮೆಷಿನ್ನೊಳಗೆ ನಾಲ್ಕು ಓಡಿಸ್ಬೇಕಾದ್ರೆ ಮೊದ್ಲು ಒಂದನ್ನ ಸಾಕಿರ್ಬೇಕು ಕಣಮ್ಮ, ಎರಡು ವರ್ಷ ಎಲ್ಲಾದ್ರೂ ಸರ್ವರ್ ನೋಡ್ಕೊಂಡು ಬಾ, ಅದು ಕೆಡ್ಲಿ, ನಿನ್ನ ಕೈಕಾಲು ನಡುಗ್ಲಿ, ಆಮೇಲೆ ಸೇರು. ಎಷ್ಟು ಸಿಟ್ಟು ಬಂದಿತ್ತು ಅವತ್ತು, ಅದೇ ಸಿಟ್ಟಿನಲ್ಲಿ ಯಾದವಗಿರಿಯ ಆಸ್ಪತ್ರೆಗೆ ಕೆಲಸಕ್ಕೆ ಸೇರಿದ್ದು, ಕೇಬಲ್ ಎಳೆದದ್ದು, ಧೂಳು ಊದಿದ್ದು, ಫ್ಯಾನಿನ ಸದ್ದು ಕೇಳಿಯೇ ಯಾವ ಮೆಷಿನ್‌ಗೆ ಮೈ ಸರಿಯಿಲ್ಲವೆಂದು ತಿಳಿಯುವಂತಾದದ್ದು, ಮತ್ತೆ ಬಿಲ್ಲಿಂಗಿಗೆಂದು ತಂದ ಹೊಸ ಸರ್ವರಿನಲ್ಲಿ ಜಾಗ ಕೇಳಿ, ಲ್ಯಾಬಿನ ರಿಪೋರ್ಟುಗಳೆಲ್ಲ ಇರುವ ಮುದಿ ಮೆಷಿನ್ನಿನ ಪೂರ್ತಿ ನಕಲನ್ನು ಅದರೊಳಗೆ ಇಟ್ಟು ಓಡಿಸಲು ಕಲಿತದ್ದು, ಕೆಟ್ಟು, ಅಳಿಸಿ, ಮತ್ತೆ ಮಾಡಿ — ಲ್ಯಾಬ್ ನೋಡಿಕೊಳ್ಳುವ ದೇವಿರಮ್ಮ ಮೇಡಂ, ಓಡೋ ಮೆಷಿನ್‌ಗ್ಯಾಕೆ ನಕಲು, ಬುಡಮ್ಮ ಅತ್ಲಾಗೆ, ಎಂದು ನಕ್ಕಿದ್ದು. ಮನೆಯಲ್ಲಿ ಅವ್ವ ಬಸವಮ್ಮನಿಗೆ ವಿವರಿಸಲು ಹೋಗಿ, ಒಂದೇ ದೊಡ್ಡ ಮನೆ ಕಣವ್ವ, ಒಳಗೆ ನಾಕು ಸಂಸಾರ, ಒಬ್ರ ತಂಟೆಗೆ ಒಬ್ರು ಹೋಗಕಿಲ್ಲ ಅಂದರೆ, ಅವ್ವ ಸೊಪ್ಪು ಬಿಡಿಸುತ್ತಾ, ವಠಾರ ಅನ್ನು ಮತ್ತೆ, ನಲ್ಲಿ ಒಂದೇ ತಾನೆ, ಜಗಳ ಬರ್ದೆ ಎಂಗಿರ್ತದೆ — ನಗು ಈಗಲೂ ಬರುತ್ತಿದೆ, ಪಕ್ಕದ ಆಟೋದವನು ತಿರುಗಿ ನೋಡುತ್ತಿದ್ದಾನೆ, ನೋಡಲಿ.

ಬೆಳಿಗ್ಗೆ ಮಾತ್ರ ನಗು ಬಂದಿರಲಿಲ್ಲ, ಲ್ಯಾಬಿನ ಮೆಷಿನ್ ಟಕ್ ಟಕ್ ಎಂದು ಸುಮ್ಮನಾಯಿತು, ಡಿಸ್ಕ್ ಹೋಗಿದೆ ಎಂದು ಕಿವಿಯೇ ಹೇಳಿತು, ಬೆಂಚಿನ ತುಂಬ ಜನ, ಮುಂದೆಯೇ ಕೂತ ತಿಮ್ಮಮ್ಮ ಎಂಬ ಅಜ್ಜಿ, ನಮ್ಮೆಜಮಾನ್ರ ರಕ್ತದ ರಿಪೋರ್ಟು ಸರಿಯಿದ್ರೆ ಇವತ್ತೇ ಮನೆಗೆ ಕಳಿಸ್ತಾರಂತೆ ಕಣವ್ವ, ಬಂತಾ, ಎಂದು ಕೇಳುತ್ತಲೇ ಇದ್ದಾಳೆ, ದೇವಿರಮ್ಮ ಮೇಡಂ ಮುಖ ಬಿಳಿಚಿದೆ, ಅನುಪಮಾ, ಆ ನಿನ್ನ ನಕಲು ಇದೆಯೇನಮ್ಮ. ಇದೆ ಮೇಡಂ. ಬೆರಳು ನಡುಗುತ್ತಿವೆ, ನಕಲು ಎದ್ದಿತು, ಮುಂಜಾನೆಯ ಬ್ಯಾಕಪ್ಪನ್ನೂ ತುಂಬಿದಳು, ಆದರೆ ಯಾವ ಕಂಪ್ಯೂಟರಿಗೂ ಅದು ಕಾಣುತ್ತಿಲ್ಲ, ತಡಿ, ತಡಿ, ಮನೆ ಬದಲಾಗಿದೆ, ಬಾಗಿಲಿಗೆ ಹಳೆಯ ನಂಬರೇ, ಆ ಕೆಟ್ಟ ಮೆಷಿನ್ನಿನ ನೆಟ್‌ವರ್ಕ್ ವಿಳಾಸವೇ, ಹಾಕಬೇಕು, ಇದನ್ನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಒಂದು ಭಾನುವಾರ ಪೂರ್ತಿ ಇದಕ್ಕೇ ತಲೆ ಚಚ್ಚಿಕೊಂಡಿದ್ದಳು — ಹಾಕಿದಳು, ಪ್ರಿಂಟರ್ ಕೆಮ್ಮಿ ಕಾಗದ ಉಗುಳಿತು, ದೇವಿರಮ್ಮ ಮೇಡಂ ಅವಳ ಭುಜ ಹಿಡಿದು ಒಮ್ಮೆ ಅಲುಗಾಡಿಸಿದರು.

ಇನ್‌ಸ್ಟಿಟ್ಯೂಟಿನ ಬಾಗಿಲು ತೆರೆದೇ ಇದೆ, ಮೆಟ್ಟಿಲು ಹತ್ತಿದ್ದೇ ತಿಳಿಯಲಿಲ್ಲ, ಏಕಾಂತಯ್ಯ ಸರ್ ಬೀಗ ಕೈಯಲ್ಲಿ ಹಿಡಿದು, ಓ, ನೀನಾ, ಸಿಟ್ಟು ಇಳೀತಾ, ಎನ್ನುತ್ತಿದ್ದಾರೆ, ಸರ್, ಕೆಟ್ಟೋಯ್ತು ಸರ್, ಸರಿಮಾಡ್ದೆ, ಎಂದಷ್ಟೇ ಬಾಯಿಂದ ಬಂತು, ಅವರು ಬೀಗವನ್ನು ಮೇಜಿನ ಮೇಲಿಟ್ಟರು, ಕುರ್ಚಿ ಎಳೆದರು, ಸೋಮವಾರದಿಂದ ಕ್ಲಾಸಿಗೆ ಬಾಮ್ಮ, ಈಗ ಕೂತ್ಕೊಂಡು ಹೇಳು, ಮೊದಲಿಂದ ಹೇಳು. ಕೂತಳು, ಮೊದಲು ಯಾವುದು, ಡಿಸ್ಕಿನ ಸದ್ದೇ, ಹಳೆಯ ನಂಬರೇ, ಎಲ್ಲ ಒಟ್ಟಿಗೇ ನುಗ್ಗುತ್ತಿದೆ, ಆದರೆ ಎಲ್ಲದಕ್ಕೂ ಅಡ್ಡವಾಗಿ ಆ ತಿಮ್ಮಮ್ಮ, ಒಳಗೆ ಏನಾಯಿತೆಂದು ತಿಳಿಯದ ತಿಮ್ಮಮ್ಮ, ಎಲ್ಲ ಚೆನ್ನಾಗಿದೆಯಂತೆ ಕಣಜ್ಜಿ ಎಂದು ತಾನು ಹೇಳಿದಾಗ, ಪ್ರಿಂಟರಿನಿಂದ ಬಂದ ಬಿಸಿಬಿಸಿ ಕಾಗದವನ್ನು ಕೆನ್ನೆಗೆ ಒತ್ತಿಕೊಂಡು ನಿಂತ ತಿಮ್ಮಮ್ಮ, ಆ ಕಾಗದ, ಆ ಕೆನ್ನೆ —