ಒಂದು ಬಾಣಕ್ಕೆ ಒಂದೇ ರೆಕ್ಕೆ

"ಇದು ಎಡದ್ದು, ಇದು ಬಲದ್ದು. ಎರಡೂ ಕೂಡಿಸಿ ಒಂದ ಬಾಣಕ್ಕ ಹಚ್ಚೀದಿಯಲ್ಲೋ ಹುಚ್ಚಪ್ಪ," ಎಂದು ಚಂದ್ರವ್ವ ಬಾಣದ ಹಿಂತುದಿಯನ್ನು ಮಗನ ಮೂಗಿಗೆ ತಾಗಿಸಿಯೇ ತೋರಿಸಿದಳು.

ರುದ್ರೇಶ ಅಂಟಿನ ಟ್ಯೂಬಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರಿಂದ ತಕ್ಷಣ ಉತ್ತರ ಕೊಡಲಾಗಲಿಲ್ಲ. ಫೆಲ್ಥಮ್ಮಿನ ಆ ಪುಟ್ಟ ಮನೆಯ ಮುಂದಿನ ಕೋಣೆಯಲ್ಲಿ, ಟೀಪಾಯಿ ಮೇಲೆ ಹಳೇ ಪೇಪರು ಹಾಸಿ, ಬೆಳಗಿನಿಂದ ಆತ ಅಂಗಡಿ ಹರಡಿಕೊಂಡು ಕೂತಿದ್ದ. ಆರು ಬಾಣ, ಎರಡು ಪ್ಯಾಕೆಟ್ ಟರ್ಕಿ ಕೋಳಿಯ ಗರಿ, ಒಂದು ಡಬ್ಬಿ ತುಂಬ ಹಳದಿ ಪ್ಲಾಸ್ಟಿಕ್ ಗರಿ. ಏರ್‌ಪೋರ್ಟಿನಲ್ಲಿ ಜನರ ಸೂಟ್‌ಕೇಸು ಎತ್ತಿ ಹಾಕುವ ಕೆಲಸದವನಿಗೆ ಬುಧವಾರ ರಜೆ. ಶುಕ್ರವಾರ ಹಂಗೇರಿಗೆ ಹೊರಡಬೇಕು. ಇಂಗ್ಲಿಷರ ಈ ದೇಶದಲ್ಲಿ ಬಿಲ್ಲು ಹಿಡಿದು ಬೇಟೆಯಾಡಲು ಕಾನೂನು ಬಿಡುವುದಿಲ್ಲ. ಕ್ಲಬ್ಬಿನವರು ಕಾಡಿನಲ್ಲಿ ನಿಲ್ಲಿಸಿದ ಫೋಮಿನ ಹಂದಿಗೆ ಹೊಡೆದು ಹೊಡೆದು ಬೇಜಾರಾದ ಕೆಲವರು ವರ್ಷಕ್ಕೊಮ್ಮೆ ನಿಜವಾದ ಹಂದಿಯ ಬೇಟೆಗೆ ಹಂಗೇರಿಗೆ ಹೋಗುತ್ತಾರೆ. ರುದ್ರೇಶನಿಗೆ ಇದು ಎರಡನೇ ಸಲ.

"ಪ್ಯಾಕೆಟ್ ಮ್ಯಾಲ ಲೆಫ್ಟ್, ರೈಟ್ ಅಂತ ಬರದಿತ್ತು ಯವ್ವಾ. ಎರಡೂ ಬೇಕಾಗತಾವೇನೋ ಅಂತ ಒಂದೊಂದು ತರಸಿದೆ."

"ಚಪ್ಲಿ ಅಂತ ತಿಳದಿ ಏನು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಅಂಕಿತಾ ನಕ್ಕಿದ್ದು ಇಲ್ಲಿಗೂ ಕೇಳಿಸಿತು. ಹೊಗೆಗೆ ಸ್ಮೋಕ್ ಅಲಾರಮ್ ಕೂಗಿಕೊಂಡೀತೆಂದು ಅಡುಗೆಮನೆಯ ಹಿಂಬಾಗಿಲು ತೆರೆದಿಟ್ಟಿದ್ದಳು. ಹಾಗಾಗಿ ಮನೆ ತುಂಬ ಚಳಿ. ಹೆಂಡತಿ ಎದುರಿಗೆ ಮಾನ ಹೋಯಿತೆಂದು ರುದ್ರೇಶ ಮುಖ ದಪ್ಪ ಮಾಡಿಕೊಂಡ.

ಚಂದ್ರವ್ವ ಅದನ್ನೆಲ್ಲ ಗಮನಿಸುವವಳಲ್ಲ. ಗರಿಗಳನ್ನು ಮಡಿಲಿಗೆ ಸುರಿದುಕೊಂಡು ಒಂದೊಂದನ್ನೇ ತುಟಿಗೆ ಸವರಿ ಬೇರೆ ಬೇರೆ ಗುಂಪು ಮಾಡತೊಡಗಿದಳು. ಎಪ್ಪತ್ತನಾಲ್ಕು ವಯಸ್ಸು, ಒಂದು ಕಣ್ಣಿನ ಪೊರೆ ತೆಗೆದಿದೆ, ಇನ್ನೊಂದಕ್ಕೆ ಆಸ್ಪತ್ರೆಯ ಪಾಳಿ ಇನ್ನೂ ಬಂದಿಲ್ಲ. ಗಂಡ ತೀರಿಕೊಂಡ ಮೇಲೆ ಮಗನ ಹತ್ತಿರ ಬಂದು ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ಆಕೆಗೆ ಗೊತ್ತಿರುವ ಒಂದು ವಿಷಯ ಈ ಮನೆಯಲ್ಲಿ ಯಾರಿಗಾದರೂ ಬೇಕಾದದ್ದು ಇವತ್ತೇ ಮೊದಲು. ಖುಷಿಯಾಗಿತ್ತು ಮುದುಕಿಗೆ, ಮುಚ್ಚಿಡಲೂ ಇಲ್ಲ.

"ಕಣ್ಣಿಗಿಂತ ತುಟಿಗೆ ಜಲ್ದಿ ತಿಳೀತದ," ಎಂದಳು. "ನಮ್ಮಪ್ಪಗ ನಾನ ಹಚ್ಚಿ ಕೊಡ್ತಿದ್ದೆ. ಒಂಬತ್ತು ವರ್ಷದಾಕಿ ಇದ್ದೆ ಆವಾಗ. ಸುರಪುರದ ಗುಡ್ಡದಾಗ ಆಗಿನ್ನ ಬ್ಯಾಟಿ ಬಂದ್ ಮಾಡಿರಲಿಲ್ಲ. ಎಡ ರೆಕ್ಕಿ ಗರಿ ಈ ಕಡೆ ಬಾಗತದ, ಬಲದ್ದು ಆ ಕಡೆ. ಒಂದ ಬಾಣಕ್ಕ ಒಂದ ರೆಕ್ಕಿ. ಅಂದ್ರ ಬಾಣ ಒಂದ ದಿಕ್ಕಿಗೆ ತಿರುಗಿಕೋತ ನೆಟ್ಟಗ ಹೋಗತದ. ಎರಡೂ ಕೂಡಿಸಿದ್ರ ಅದಕ್ಕ ತಲಿ ಕೆಡತದ."

ರುದ್ರೇಶ ಹಚ್ಚಿದ್ದನ್ನು ಬ್ಲೇಡಿನಿಂದ ಕೆರೆದು ತೆಗೆದ. ನಿಜ ಹೇಳಬೇಕೆಂದರೆ ಆತನ ತಲೆಯೂ ಒಂದು ವಾರದಿಂದ ಕೆಟ್ಟೇ ಇತ್ತು. ಗರಿಯೋ ಪ್ಲಾಸ್ಟಿಕ್ಕೋ ಎಂಬುದು ತೀರ್ಮಾನವಾಗಿರಲಿಲ್ಲ. ಕ್ಲಬ್ಬಿನ ಗೆಳೆಯ, ಬೆಂಗಳೂರಿನ ಸುಧೀರ್, ಹೋದ ವರ್ಷವೇ ಉಪದೇಶ ಮಾಡಿದ್ದ: "ಗುರೂ, ಮಳೇಲಿ ನೆಂದ್ರೆ ಗರಿ ಒದ್ದೆ ಬೆಕ್ಕಿನ ಥರ ಮುದುಡ್ಕೊಳ್ಳುತ್ತೆ. ಪ್ಲಾಸ್ಟಿಕ್ ಹಾಕ್ಸು, ಟೆನ್ಶನ್ನೇ ಇಲ್ಲ." ಸುಧೀರ್‌ನದು ರಾಟೆ ಗೀಟೆ ಇರುವ ಹೊಸ ನಮೂನೆ ಬಿಲ್ಲು. ರುದ್ರೇಶನದು ಬರೀ ಮರದ್ದು. ಆದರೂ ಆತ ಆಗ ಹೂಂ ಎಂದು ಪ್ಲಾಸ್ಟಿಕ್ಕೇ ಹಚ್ಚಿಕೊಂಡು ಹೋಗಿದ್ದ.

"ಮಳಿ ಬಂದ್ರ ಇದ ಚಲೋ ಅಂತಾರ ಯವ್ವಾ," ಎಂದು ಹಳದಿ ತುಂಡೊಂದನ್ನು ತಾಯಿಯ ಅಂಗೈಯಲ್ಲಿಟ್ಟ.

ಚಂದ್ರವ್ವ ಅದನ್ನು ಬಗ್ಗಿಸಿದಳು. ಅದು ಟಪ್ಪೆಂದು ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಬಗ್ಗಿಸಿದಳು.

"ಬಾಣ ಬಿಡೂಮುಂದ ಎಲ್ಲಿ ಊರ್ತಿ?"

"ಬಿಲ್ಲಿನ ಹಿಡಿ ಮ್ಯಾಲ. ಕೈಬೆರಳಿಗೆ ಹತ್ತಿ."

"ಮತ್ತ ಇದು ಹೋಗೂಮುಂದ ಹಿಡಿಗೆ ಬಡೀತದಲ್ಲೋ. ಗರಿ ಆದ್ರ ತಾನ ಬಾಗಿ ದಾಟತದ. ಇದು ತಾ ಬಾಗಂಗಿಲ್ಲ, ಬಾಣಾನ ಸೊಟ್ಟ ಮಾಡತದ. ಇದನ್ನ ಹಚ್ಚಿಕೊಂಡು ಹೋದವಗ ಗುರಿ ಎಲ್ಲಿಂದ ಸಿಗಬೇಕು?"

ರುದ್ರೇಶನ ಎದೆ ಹಗುರಾಯಿತು. ಎಷ್ಟು ಹಗುರಾಯಿತೆಂದರೆ, ಒಂದು ವರ್ಷದಿಂದ ಯಾರ ಮುಂದೆಯೂ ಬಾಯಿ ಬಿಡದ ಮಾತು ತಾನಾಗಿ ಹೊರಗೆ ಬಂತು.

"ಯವ್ವಾ, ಹೋದ ವರ್ಷ ಒಂದು ಬಾಣ ಬಿಟ್ಟಿದ್ದೆ. ಹಿಂಗ ಸೊಟ್ಟ ಹೋತು."

"ಹಂದಿ ಬರಲೇ ಇಲ್ಲ ಅಂದಿದ್ದಿ."

"ಬಂದಿತ್ತು. ಎದಿ ಪಕ್ಕಡಿಗೆ ಗುರಿ ಇಟ್ಟಿದ್ದೆ, ಹೊಟ್ಟಿಗೆ ಬಿತ್ತು. ಓಡಿ ಹೋತು." ಮಾತು ಬಡಬಡನೆ ಬಂತು. "ತಪ್ಪು ನನ್ನ ಕೈಯದು ಅಂತ ವರ್ಷಪೂರ್ತಿ ಒದ್ದಾಡೀನಿ. ರಾತ್ರಿ ಎದ್ದು ಕುಂತೀನಿ. ಈಗ ನೀನ ಹೇಳಿದಿ ನೋಡು, ಎಲ್ಲಾ ಈ ದರಿದ್ರ ಪ್ಲಾಸ್ಟಿಕ್ಕಿಂದು."

ಆತ ಡಬ್ಬಿಯ ಮುಚ್ಚಳ ಹಾಕಿ ಸೋಫಾದ ಕೆಳಗೆ ತಳ್ಳಿದ. ಅಪರಾಧಿ ಸಿಕ್ಕಿಬಿದ್ದಿದ್ದ, ತೀರ್ಪೂ ಆಗಿಹೋಗಿತ್ತು. ಈ ಸಲ ಗರಿ ಹಚ್ಚಿಕೊಂಡು ಹೋಗಿ, ಒಂದೇ ಏಟಿಗೆ ಸರಿಯಾಗಿ ಹೊಡೆದು ಬಂದರೆ ಹೋದ ವರ್ಷದ್ದು ಅಳಿಸಿಹೋಗುತ್ತದೆ ಎಂದು ಆತ ಮನಸಾರೆ ನಂಬಿದ.

ಚಂದ್ರವ್ವ ಮಗನ ಸಂಕಟ ಕಂಡು ಮುಂದೆ ಬಾಗಿದಳು. ಭುಜ ತಟ್ಟಿದಳು. "ಇರಲಿ ಬಿಡಪಾ, ಬಾಣ ತಪ್ಪೂದು ಯಾರಿಗೂ ತಪ್ಪಿದ್ದಲ್ಲ. ನಮ್ಮಪ್ಪಂದೂ ತಪ್ಪತಿತ್ತು. ಮತ್ತ ಸಿಗಬೇಕಾದ್ರ ಎಷ್ಟು ಹೊತ್ತಾತು?"

"ಏನು?"

"ಹಂದಿ."

ರುದ್ರೇಶ ಬಾಣವನ್ನು ಬೆರಳಲ್ಲಿ ತಿರುಗಿಸುತ್ತ ಕೂತ. "ಸಿಗಲಿಲ್ಲ," ಎಂದ. "ಅರ್ಧ ತಾಸು ಹುಡಕಿದ್ವಿ. ಕತ್ತಲಾಗ್ಲಿಕ್ಕ ಹತ್ತಿತ್ತು. ಕರಕೊಂಡು ಹೋದವ, ಲಾಸ್ಲೊ ಅಂತ, ನಾಳಿ ನಾಯಿ ತಂದು ನೋಡ್ತೀನಿ ಅಂದ. ಊಟ ತಯಾರಿತ್ತು, ಎಲ್ಲರೂ ಹೊಳ್ಳಿ ಬಂದ್ವಿ. ಮುಂಜಾನೆ ನಂದು ಫ್ಲೈಟ್ ಇತ್ತು."

"ಊಟ ಮಾಡಿದಿ?"

ಸುಳ್ಳು ಹೇಳಬಹುದಿತ್ತು. ಅಲ್ಲಿಯ ಮಾಂಸದ ಸಾರಿನ ಫೋಟೋ ತೆಗೆದು ಅಂಕಿತಾಳಿಗೆ ಕಳಿಸಿದ್ದು, ಆಕೆ ಅದನ್ನು ಅತ್ತೆಗೂ ತೋರಿಸಿದ್ದು ನೆನಪಾಯಿತು. "ಎರಡು ಸಲ ಹಾಕಿಸಿಕೊಂಡೆ," ಎಂದ.

ಚಂದ್ರವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಡಿಲಲ್ಲಿದ್ದ ಗರಿಗಳನ್ನು ಪೇಪರಿನ ಮೇಲಿಟ್ಟು ಕೈ ಒರೆಸಿಕೊಂಡಳು.

"ಗಾಯ ಆದ ಬ್ಯಾಟಿ ಅಡವ್ಯಾಗ ಇತ್ತಂದ್ರ ನಮ್ಮನ್ಯಾಗ ದೊಡ್ಡವರು ಯಾರೂ ಉಣ್ತಿರಲಿಲ್ಲ. ಹೊಡದಾವಷ್ಟ ಅಲ್ಲ, ಯಾರೂ ಇಲ್ಲ. ಒಮ್ಮೆ ನಮ್ಮಪ್ಪ ಒಂದು ಜಿಂಕಿ ಹಿಂದ ಎರಡು ದಿನ ಅಡ್ಡಾಡಿ ಬಂದ. ಅಲ್ಲೀತನ ನಮ್ಮವ್ವ ನೀರು ಕುಡಕೋತ ಕುಂತಿದ್ಲು. ನಮಗ ಸಣ್ಣವರಿಗೆ ಹಾಲು ಕಾಸಿ ಕೊಟ್ಲು, ಅಷ್ಟ. ಸಿಕ್ತು ಅಂತ ಅಪ್ಪ ಬಾಗಲಾಗ ನಿಂತು ಹೇಳಿದ ಮ್ಯಾಲೇ ಒಲಿ ಹಚ್ಚಿದ್ಲು."

"ಅದು ಆಗಿನ ಕಾಲ ಯವ್ವಾ."

"ಹೌದಪಾ, ಆಗಿಂದ," ಎಂದು ಆಕೆ ಒಪ್ಪಿಕೊಂಡಳು. ವ್ಯಂಗ್ಯವಿರಲಿಲ್ಲ. "ಮರುದಿವಸ ನಾಯಿ ತಂದನಂತೇನು ಅಂವ?"

"ಗೊತ್ತಿಲ್ಲ."

"ಕೇಳಲಿಲ್ಲ?"

ಒಂದು ವರ್ಷ. ಲಾಸ್ಲೊನ ನಂಬರು ಫೋನಿನಲ್ಲೇ ಇತ್ತು. ಈ ವರ್ಷದ ಟ್ರಿಪ್ಪಿಗೆ ಇಬ್ಬರೂ ಎಷ್ಟೋ ಸಲ ಮೆಸೇಜು ಮಾಡಿಕೊಂಡಿದ್ದರು. ಯಾವ ರೂಮು, ಎಷ್ಟು ಚಳಿ, ಶೂ ಎಂಥದ್ದು. ಅದೊಂದನ್ನು ಬಿಟ್ಟು ಎಲ್ಲ ಕೇಳಿದ್ದ.

ರುದ್ರೇಶ ಫೋನು ತೆಗೆದುಕೊಂಡು ಎದ್ದ. ಹೊರಗೆ ಹೋಗಿ ಮಾತಾಡಬೇಕೆಂದು ಮುಂಬಾಗಿಲವರೆಗೂ ಹೋದವನು, ತಾಯಿಯ ಕಡೆ ತಿರುಗಿ ನೋಡಿ, ಅಲ್ಲೇ ನಿಂತು ನಂಬರು ಒತ್ತಿದ. ಲಾಸ್ಲೊ ಎರಡನೇ ರಿಂಗಿಗೇ ಎತ್ತಿದ. ದೊಡ್ಡ ದನಿಯ ಮನುಷ್ಯ, ಶುಕ್ರವಾರ ಸ್ಟೇಷನ್ನಿಗೆ ಗಾಡಿ ಕಳಿಸುತ್ತೇನೆಂದು ಅರ್ಧಂಬರ್ಧ ಇಂಗ್ಲಿಷಿನಲ್ಲಿ ಶುರು ಮಾಡಿದ. ರುದ್ರೇಶ ನಡುವೆ ಬಾಯಿ ಹಾಕಿ ಹೋದ ವರ್ಷದ ಹಂದಿಯ ವಿಷಯ ಕೇಳಿದ.

ಲಾಸ್ಲೊಗೆ ನೆನಪಿತ್ತು. ಮರುದಿನ ಮಧ್ಯಾಹ್ನ ನಾಯಿ ಕರೆದುಕೊಂಡು ಹೋಗಿದ್ದನಂತೆ. ಕಾಲುವೆಯ ಬದಿಯ ಮುಳ್ಳುಪೊದೆಯಲ್ಲಿ ಸಿಕ್ಕಿತಂತೆ. ತಾವು ಹುಡುಕುವುದು ಬಿಟ್ಟು ವಾಪಸು ತಿರುಗಿದ ಜಾಗದಿಂದ ಅರವತ್ತು ಹೆಜ್ಜೆ ಇರಬಹುದು. ಸತ್ತಿತ್ತು, ಆದರೆ ಮೈ ಇನ್ನೂ ಬೆಚ್ಚಗಿತ್ತು ಎಂದ. "ನೀನು ಕೇಳಲಿಲ್ಲ," ಎಂದೂ ಸೇರಿಸಿದ, ತಪ್ಪು ತನ್ನದೇನೋ ಎಂಬಂತೆ. "ಕೆಲವರಿಗೆ ಕೇಳೋದು ಇಷ್ಟ ಆಗೋದಿಲ್ಲ. ಶುಕ್ರವಾರ ಬರ್ತೀಯಲ್ಲ?"

"ಆಮೇಲೆ ಹೇಳ್ತೀನಿ," ಎಂದು ರುದ್ರೇಶ ಫೋನಿಟ್ಟ.

ಬಂದು ನೆಲದ ಮೇಲೆಯೇ ಕೂತ. ಚಂದ್ರವ್ವ ಕಾದಳು.

"ಸಿಕ್ಕಿತ್ತಂತ," ಎಂದ. "ಮರುದಿವಸ ಮಧ್ಯಾಹ್ನ. ಮೈ ಇನ್ನ ಬೆಚ್ಚಗಿತ್ತಂತ."

"ಅಂದ್ರ ರಾತ್ರಿಯೆಲ್ಲಾ ಜೀವ ಇತ್ತು."

"ಹೂಂ."

"ದೂರ ಇತ್ತೇನು?"

"ಇಲ್ಲ ಯವ್ವಾ. ಅರವತ್ತು ಹೆಜ್ಜಿ." ಒಂದು ವರ್ಷ ಒದ್ದಾಡಿದ್ದು ಬಾಣಕ್ಕಾಗಿ ಅಲ್ಲ, ಈ ಅರವತ್ತು ಹೆಜ್ಜೆಗಾಗಿ ಎಂಬುದು ಈಗ ಆತನಿಗೆ ಗೊತ್ತಾಯಿತು. ಅದಕ್ಕೆ ಗರಿಯೂ ಕಾರಣವಲ್ಲ, ಪ್ಲಾಸ್ಟಿಕ್ಕೂ ಕಾರಣವಲ್ಲ. ನಾಚಿಕೆಯಾಯಿತು, ತಾಯಿ ಎದುರಿಗೆ ಕೂತಿರುವುದಕ್ಕೂ ನಾಚಿಕೆಯಾಯಿತು. ತಲೆ ತಗ್ಗಿಸಿ ಕೇಳಿದ: "ಶುಕ್ರವಾರ ಹೋಗಲ್ಯಾ, ಬಿಡಲ್ಯಾ?"

"ಅದನ್ನ ನನ್ನ ಕೇಳಬ್ಯಾಡ. ಗರಿ ಯಾವುದು ಹಚ್ಚಲಿ ಅಂತ ಕೇಳಿದಿ, ಹೇಳೀನಿ."

ಅಷ್ಟರಲ್ಲಿ ಅಂಕಿತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತಳು. "ಅತ್ತೀ, ಏಳ್ರಿ. ರೀ, ನೀವೂ ಬರ್ರಿ. ರೊಟ್ಟಿ ಬಿಸಿ ಅದಾವ, ಎಣ್ಣಿಗಾಯಿ ಮಾಡೀನಿ."

"ನನಗ ಈಗ ಬ್ಯಾಡ," ಎಂದ ರುದ್ರೇಶ.

"ಯಾಕ್ರಿ? ಮುಂಜಾನಿಂದ ಬರೀ ಚಾದ ಮ್ಯಾಲ ಇದ್ದೀರಿ. ಆರಾಮಿಲ್ಲೇನು?"

ಅಂಕಿತಾ ಅತ್ತೆಯ ಮುಖ ನೋಡಿದಳು.

"ಬಿಡವಾ, ಅವನ್ನ ಕೇಳಬ್ಯಾಡ," ಎಂದಳು ಚಂದ್ರವ್ವ. ಸೋಫಾದ ಕೈ ಹಿಡಿದು ಮೆಲ್ಲಗೆ ಕೆಳಗಿಳಿದು, ಮಗನ ಪಕ್ಕ ನೆಲಕ್ಕೆ ಕೂತಳು. "ನನಗೂ ಇವತ್ತು ಬ್ಯಾಡ. ನೀ ಉಣ್ಣು, ಹೋಗು."

ಅಂಕಿತಾ ಏನೂ ತಿಳಿಯದೆ ಇಬ್ಬರನ್ನೂ ನೋಡುತ್ತ ನಿಂತಿದ್ದು, ಒಳಗೆ ಹೋದಳು. ಹಿಂಬಾಗಿಲು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಂದೇ ತಾಟು ಇಟ್ಟ ಸಪ್ಪಳ ಕೇಳಿಸಿತು.