ಸೋದರತ್ತೆಯ ಮೂಗು

ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಬೀಗರು ಬಂದಿಳಿದಾಗಿನಿಂದ ಸತ್ತೆವ್ವ ಗೇಟಿನ ಕಡೆಗೇ ನೋಡುತ್ತಿದ್ದಳು. ದಾಂಡೇಲಿಯ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಎಷ್ಟೋ ತೊಟ್ಟಿಲು ತೂಗಿದ ಕೈ ಅವಳದು. ಬಾಗಿಲಲ್ಲೇ ಮಕ್ಕಳ ಮೂಗಿಗೆ ಕಡ್ಡಿ ಹಾಕುವ ಕಾರ್ಯವನ್ನು ಮಾತ್ರ ಎಲ್ಲಿಯೂ ಕಂಡಿರಲಿಲ್ಲ.

ಕಡ್ಡಿ ಹಾಕುತ್ತಿದ್ದವಳು ಅಳಿಯನ ಅಕ್ಕ ವಿದ್ಯಾವತಿ. ಧಾರವಾಡದಿಂದ ಫ್ಲೂ ಪರೀಕ್ಷೆಯ ಕಿಟ್‌ಗಳನ್ನು ಚೀಲ ತುಂಬ ತಂದು, ಗೇಟಿನ ಬಳಿ ಕುರ್ಚಿ ಹಾಕಿಕೊಂಡು ದೊಡ್ಡ ಡಾಕ್ಟರಮ್ಮನ ಹಾಗೆ ಕುಳಿತಿದ್ದಳು. ಒಂದು ಗೆರೆ ಮೂಡಿದ ಮಕ್ಕಳು ಒಳಗೆ, ಎರಡು ಮೂಡಿದವರು ಮನೆಗೆ. ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ, ಸೋಂಕು ತಗುಲಿದರೆ ಉಸಿರಿಗೇ ಸಂಚಕಾರ ಎಂದಳು. ಮಾತು ಖರೆಯೇ. ಅದಕ್ಕೇ ಸತ್ತೆವ್ವ ತಾನೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ನಡುನಡುವೆ ವಿದ್ಯಾವತಿಯೇ ಸೆರಗು ಅಡ್ಡ ಹಿಡಿದು ಕೆಮ್ಮುತ್ತಿದ್ದಳು. ಧೂಳಂತೆ. ದಾಂಡೇಲಿಯ ಧೂಳು ಧಾರವಾಡದವರನ್ನೇ ಹುಡುಕಿಕೊಂಡು ಹೋಗುತ್ತದೆ ನೋಡಿ.

ಪಕ್ಕದ ಮನೆಯ ಅಮೀನಾಬಿಯ ಮೊಮ್ಮಗಳು ಉಜ್ಮಾ ಕೂಸಿಗೆಂದು ಕುಲಾವಿ ಹೊಲಿದು ತಂದಿದ್ದಳು. ಕಡ್ಡಿಗೆ ಕಣ್ಣಲ್ಲಿ ನೀರು ಬಂದರೂ ಹುಡುಗಿ ಕದಲಲಿಲ್ಲ. ಒಂದೇ ಗೆರೆ ಮೂಡಿತು.

"ಒಂದ ಬಂದ್ರೂ ಏನ್ ಭರೋಸಾ? ಇವರ ಮನ್ಯಾಗ ಮಂದಿ ಭಾಳ. ನೀ ಹೊರಗ ಕೂಡು," ಎಂದಳು ವಿದ್ಯಾವತಿ.

ಉಜ್ಮಾ ಕುಲಾವಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಳು. ಸತ್ತೆವ್ವನ ಮಗಳು ಸುಮಿತಾಗೆ ಹೆರಿಗೆ ನೋವು ಬಂದಾಗ ಆಟೋ ತಂದವರು ಇದೇ ಅಮೀನಾಬಿಯ ಮನೆಯವರು. ಬೀಗರಿಗೆ ಹೆದರಿ ಬಾಯಿ ಮುಚ್ಚಿಕೊಂಡ ತನ್ನ ಮೇಲೆಯೇ ಸತ್ತೆವ್ವನಿಗೆ ಹೇಸಿಗೆಯಾಯಿತು.

ಹೆಸರಿಡುವ ಹೊತ್ತಾಯಿತು. ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ ಹೆಸರು ಉಸುರಬೇಕು, ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ವಿದ್ಯಾವತಿ ಕೆಮ್ಮುತ್ತಲೇ ತೊಟ್ಟಿಲಿಗೆ ಬಾಗಿದಳು. ಸತ್ತೆವ್ವ ಅಡ್ಡ ಬಂದಳು.

"ತಡೀರಿ. ಎಲ್ಲಾರಕಿಂತ ಕೂಸಿನ ಸಮೀಪ ಬರೋ ಮೂಗು ನಿಮ್ಮದ. ಅದಕ್ಕೂ ಕಡ್ಡಿ ಆಗ್ಲಿ."

"ನಾ ಏನ್ ಸಣ್ಣ ಹುಡುಗಿ ಏನ್ರಿ?"

ಆದರೆ ಮಂದಿಯೆಲ್ಲ ನೋಡುತ್ತಿದ್ದರಲ್ಲ, ಹುಬ್ಬು ಗಂಟಿಕ್ಕಿಕೊಂಡೇ ಹಾಕಿಕೊಂಡಳು. ಎರಡು ಗೆರೆ ಮೂಡಿದವು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ!

"ಈ ಕಿಟ್ ಸುಳ್ಳೈತಿ," ಎಂದಳು.

"ಆ ಹುಡುಗಿಗೆ ಒಂದ ಬಂದ್ರೂ ರೋಗ, ನಿಮಗ ಎರಡು ಬಂದ್ರೂ ಧೂಳು. ಹೊರಗ ಕೂಡ್ರಿ."

ಬೀಗರ ಮುಖ ಕಪ್ಪಿಟ್ಟಿತು. ಕಪ್ಪಿಟ್ಟರೆ ಇಡಲಿ ಎಂದುಕೊಂಡು ಸತ್ತೆವ್ವ ಕಟ್ಟೆಗೆ ಹೋಗಿ ಉಜ್ಮಾಳ ಕೈಹಿಡಿದಳು. "ಬಾರವ್ವಾ, ಹೆಸರು ನೀನ ಹೇಳು."

ವಿದ್ಯಾವತಿ ಆರಿಸಿಟ್ಟಿದ್ದ ಹೆಸರನ್ನು ಯಾರೂ ಕೇಳಲಿಲ್ಲ. ಸುಮಿತಾ ತನಗೆ ಬೇಕಾದದ್ದನ್ನು ಉಜ್ಮಾಗೆ ಹೇಳಿದಳು. ಉಜ್ಮಾ ಅದನ್ನು ಕೂಸಿನ ಕಿವಿಯಲ್ಲಿ ಉಸುರಿದಳು. ಬೆನ್ನಿಗೆ ಗುದ್ದುಗಳು ಬಿದ್ದವು.

"ಏನ್ ಹೆಸರಿಟ್ರಿ?" ಎಂದು ಗೇಟಿನ ಬಳಿಯ ಅದೇ ಕುರ್ಚಿಯಿಂದ ವಿದ್ಯಾವತಿ ಕೇಳಿದಳು. ಒಳಗೆ ಹೆಂಗಸರು ಜೋಗುಳ ಹಾಡತೊಡಗಿದ್ದರು.